ಕ್ರೀಡಾಚಿಕಿತ್ಸೆಯೂ ಮಕ್ಕಳನ್ನು ಸಾಕುವವರೂ

ಆಟವೆಂದರೆ ಹೊತ್ತು ಕಳೆಯುವ ಸಾಧನವೆಂದೂ, ಓದು ಬರೆಹ ಮುಗಿದ ಮೇಲೆ ಮಗುವಿಗೆ ಕೊಡಬಹುದಾದ ಸಣ್ಣದೊಂದು ಬಹುಮಾನವೆಂದೂ ನಮ್ಮಲ್ಲಿ ಬಹುಮಂದಿ ಬಗೆದಿದ್ದಾರೆ. ಮಳೆ ಬಾರದ ವರ್ಷ ಊರ ಹುಡುಗರು ಮಣ್ಣಿನಿಂದ ಮಳೆರಾಯನನ್ನು ಮಾಡಿ ಹೊತ್ತು ತಿರುಗಿದರೆ ಹಿರಿಯರು ಅದನ್ನು ಬರಿಯ ಆಟವೆನ್ನುವುದಿಲ್ಲ. ಅದರಲ್ಲಿ ಊರಿನ ಸಂಕಟವೇ ಇದೆಯೆಂದು ತಿಳಿದು ಕಾಳು ನೀಡಿ, ನೀರು ಹೊಯ್ದು ಕಳಿಸುತ್ತಾರೆ. ಆದರೆ ಅದೇ ಹುಡುಗ ಮಾರನೆಯ ದಿನ ಜಗಲಿಯ ಮೂಲೆಯಲ್ಲಿ ಒಬ್ಬನೇ ಕುಳಿತು ಮಣ್ಣಿನಲ್ಲಿ ಏನನ್ನೋ ಹೂಳಿ, ತೆಗೆದು, ಮತ್ತೆ ಹೂಳುತ್ತಿದ್ದರೆ "ಕೈಯೆಲ್ಲ ಹೊಲಸು ಮಾಡ್ಕಂಡ್ಯಾ?" ಎಂಬ ಗದರಿಕೆಯೊಂದೇ ಅವನಿಗೆ ದೊರೆಯುವುದು.

ಈ ಎರಡನೆಯ ಆಟದಲ್ಲಿಯೂ ಒಂದು ಸಂಕಟ ಅಡಗಿರಬಹುದು. ಬಲ್ಲವರು ಹತ್ತಿರ ಕುಳಿತು ಅದನ್ನು ಗಮನಿಸಿದರೆ ಮಗುವಿನ ಮನಸ್ಸು ಹಗುರವಾದೀತು. ಕ್ರೀಡಾಚಿಕಿತ್ಸೆ ಎಂಬ ವಿದ್ಯೆ ಹುಟ್ಟಿಕೊಂಡದ್ದು ಈ ತಿಳಿವಳಿಕೆಯಿಂದ. ದೊಡ್ಡವರಿಗೆ ದುಃಖವಾದರೆ ಹೇಳಿಕೊಳ್ಳಲು ಮಾತಿದೆ. ನಾಲ್ಕೈದು ವರ್ಷದ ಮಗುವಿಗೆ ಮಾತು ಬಂದಿದ್ದರೂ ತನ್ನೊಳಗೆ ಏನಾಗುತ್ತಿದೆಯೆಂದು ಹೇಳುವಷ್ಟು ಮಾತು ಬಂದಿರುವುದಿಲ್ಲ. ಅದು ಕಚ್ಚುತ್ತದೆ, ರಚ್ಚೆ ಹಿಡಿಯುತ್ತದೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತದೆ, ಇಲ್ಲವೆ ಆಡುತ್ತದೆ. ಇವುಗಳಲ್ಲಿ ಆಟವೊಂದೇ ನಮಗೆ ಓದಲು ಬರುವಂಥದು.

ಈ ವಿಷಯದಲ್ಲಿ ನಾನು ಪಂಡಿತಳಲ್ಲ. ಕಳೆದ ರಜೆಯಲ್ಲಿ ಎಂಟು ವಾರ, ಮಕ್ಕಳ ಮನಶ್ಶಾಸ್ತ್ರದಲ್ಲಿ ತರಬೇತಿ ಪಡೆದ ಒಬ್ಬ ಕಾರ್ಯಕರ್ತೆಯ ಜೊತೆ ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಗೂ ಮೊಳಕಾಲ್ಮೂರು ಕಡೆಯ ಕೆಲವು ನೇಕಾರರ ಮನೆಗಳಿಗೂ ಹೋಗಿ, ಮೂಲೆಯಲ್ಲಿ ಕುಳಿತು, ಕಂಡದ್ದನ್ನು ಬರೆದುಕೊಂಡೆನಷ್ಟೆ. ಮಕ್ಕಳೆಲ್ಲರೂ ಅವರನ್ನು 'ಅಕ್ಕ' ಎನ್ನುತ್ತಿದ್ದರು. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮಕ್ಕಳ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದು ಉಚಿತವಲ್ಲವಾದ್ದರಿಂದ ಹೇಳಿಲ್ಲ.

ಮೊದಲು ಈ ವಿದ್ಯೆಯ ಪೂರ್ವಕಥೆಯನ್ನು ಸ್ವಲ್ಪ ನೋಡೋಣ. ಮಕ್ಕಳ ಮನಶ್ಚಿಕಿತ್ಸೆಯ ಮೊದಲ ಪ್ರಸಿದ್ಧ ನಿದರ್ಶನವೆಂದು ಎಲ್ಲ ಪುಸ್ತಕಗಳೂ ಹೇಳುವುದು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ 1909ರಲ್ಲಿ ಪ್ರಕಟಿಸಿದ 'ಪುಟ್ಟ ಹ್ಯಾನ್ಸ್'ನ ವೃತ್ತಾಂತವನ್ನು. ಐದು ವರ್ಷದ ಆ ಹುಡುಗ ಕುದುರೆಗಳಿಗೆ ಹೆದರಿ ಬೀದಿಗೆ ಇಳಿಯುತ್ತಿರಲಿಲ್ಲ. ಫ್ರಾಯ್ಡ್ ಅವನನ್ನು ನೇರವಾಗಿ ನೋಡಿದ್ದು ತೀರ ಕಡಮೆ. ಮಗನೊಡನೆ ಮಾತಾಡಿದವನು, ಅವನ ಆಟ ಕನಸುಗಳನ್ನು ಬರೆದುಕೊಂಡವನು, ಫ್ರಾಯ್ಡ್ ಹೇಳಿದ್ದನ್ನು ಮನೆಗೆ ಒಯ್ದವನು ಹುಡುಗನ ತಂದೆ. ಹೀಗೆ ಈ ಚಿಕಿತ್ಸೆಯ ಆರಂಭದಲ್ಲಿಯೇ ಚಿಕಿತ್ಸಕನ ಸ್ಥಾನದಲ್ಲಿ ಸಾಕುವವನೊಬ್ಬ ನಿಂತಿದ್ದ. ಮುಂದೆ ಬಂದ ದೊಡ್ಡ ದೊಡ್ಡವರು ಈ ಸಣ್ಣ ಸಂಗತಿಯನ್ನು ಬಹುಕಾಲ ಮರೆತಂತೆ ಕಾಣುತ್ತದೆ.

1920ರ ಒಂದು ಗ್ರಂಥದಲ್ಲಿ ಫ್ರಾಯ್ಡ್ ಇನ್ನೊಂದು ಮಗುವಿನ ಆಟವನ್ನು ವರ್ಣಿಸಿದ್ದಾರೆ. ಒಂದೂವರೆ ವರ್ಷದ ಅವರ ಮೊಮ್ಮಗ, ತಾಯಿ ಹೊರಗೆ ಹೋದಾಗ ಅಳುತ್ತಿರಲಿಲ್ಲವಂತೆ. ದಾರ ಕಟ್ಟಿದ ಮರದ ಉರುಳೆಯೊಂದನ್ನು ಮಂಚದ ಆಚೆಗೆ ಎಸೆದು 'ಹೋಯ್ತು' ಎನ್ನುವುದು, ದಾರವೆಳೆದು ತಂದು 'ಇಗೋ' ಎನ್ನುವುದು. ತಾಯಿ ಹೋಗುವುದು ಮಗುವಿನ ಕೈಯಲ್ಲಿಲ್ಲ. ಉರುಳೆ ಹೋಗುವುದೂ ಬರುವುದೂ ಅದರ ಕೈಯಲ್ಲಿದೆ. ಈ ಒಂದು ಮಾತನ್ನು ವಾಚಕರು ನೆನಪಿಟ್ಟುಕೊಂಡರೆ ಮುಂದೆ ನಾನು ಹೇಳುವ ಹುಡುಗನ ಆಟ ಸುಲಭವಾಗಿ ತಿಳಿದೀತು.

ಆಮೇಲೆ ಮೆಲನಿ ಕ್ಲೈನ್ ಮತ್ತು ಫ್ರಾಯ್ಡರ ಮಗಳು ಆನಾ ಫ್ರಾಯ್ಡ್ ಇಬ್ಬರೂ ಆಟವನ್ನು ಚಿಕಿತ್ಸೆಗೆ ತಂದರು. ಇಬ್ಬರಿಗೂ ದೊಡ್ಡ ವಾದವೇ ನಡೆಯಿತು. ದೊಡ್ಡವರ ಮಾತನ್ನು ಹೇಗೆ ಬಿಡಿಸಿ ಅರ್ಥಮಾಡುವರೋ ಹಾಗೆಯೇ ಮಗುವಿನ ಆಟವನ್ನೂ ಬಿಡಿಸಿ ಹೇಳಬೇಕೆಂದು ಕ್ಲೈನರ ಪಕ್ಷ. ಎರಡು ಆಟದ ಬಂಡಿಗಳು ಡಿಕ್ಕಿ ಹೊಡೆದುದರಲ್ಲಿಯೂ ತಾಯಿತಂದೆಯರ ಗುಟ್ಟನ್ನು ಓದುವ ಅವರ ರೀತಿ ನನಗಂತೂ ಒಪ್ಪಿಗೆಯಾಗಲಿಲ್ಲ. ಚಳ್ಳಕೆರೆಯ ಸಂತೆಗೆ ಒಮ್ಮೆ ಹೋಗಿ ಬಂದ ಯಾವ ಹುಡುಗನಾದರೂ ಬಂಡಿಗೆ ಬಂಡಿ ಡಿಕ್ಕಿ ಹೊಡೆಸಿಯೇ ಹೊಡೆಸುತ್ತಾನೆ. ಮಗು ಇನ್ನೂ ಮನೆಯವರ ಆಸರೆಯಲ್ಲಿಯೇ ಇರುವುದರಿಂದ ಅದರ ವಿಶ್ವಾಸವನ್ನು ಮೊದಲು ಗಳಿಸಬೇಕು, ಮನೆಯವರನ್ನೂ ಜೊತೆಗೆ ತೆಗೆದುಕೊಳ್ಳಬೇಕು ಎಂದು ಆನಾ ಫ್ರಾಯ್ಡ್ ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಅವರು ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮರೊಡನೆ ಮಕ್ಕಳ ಮನೆಗಳನ್ನು ನಡೆಸಿದಾಗ ಕಂಡದ್ದೇನು? ತಾಯಿಯ ಮಗ್ಗುಲಲ್ಲಿದ್ದು ಬಾಂಬಿನ ಸದ್ದು ಕೇಳಿದ ಮಕ್ಕಳು ಬೇಗ ಚೇತರಿಸಿಕೊಂಡರು; ಸುರಕ್ಷಿತವಾದ ಹಳ್ಳಿಗೆ ಕಳಿಸಲ್ಪಟ್ಟು ತಾಯಿಯಿಂದ ಅಗಲಿದ ಮಕ್ಕಳು ಹೆಚ್ಚು ನೊಂದಿದ್ದರು. ಲಂಡನ್ನಿನಲ್ಲಿಯೇ 1928ರಲ್ಲಿ ಚಿಕಿತ್ಸಾಲಯ ತೆರೆದ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳಿನ ತಟ್ಟೆಯನ್ನೂ ಸಣ್ಣ ಸಣ್ಣ ಗೊಂಬೆಗಳನ್ನೂ ಇಟ್ಟು, ಮಕ್ಕಳು ಅದರಲ್ಲಿ ತಮ್ಮ ಲೋಕವನ್ನು ಕಟ್ಟುವಂತೆ ಮಾಡಿದರು.

ಆದರೆ ನಮ್ಮಂಥವರಿಗೆ ದಾರಿಯನ್ನು ಸುಲಭಮಾಡಿ ಕೊಟ್ಟವರು ಅಮೆರಿಕದ ವರ್ಜೀನಿಯಾ ಆ್ಯಕ್ಸ್‌ಲೈನ್. 1947ರಲ್ಲಿ ಬಂದ ಅವರ ಪುಸ್ತಕದ ನಿಯಮಗಳು ಓದಲು ಸರಳ, ನಡೆಸಲು ಕಠಿಣ. ಮಗುವನ್ನು ಅದು ಇರುವಂತೆಯೇ ಒಪ್ಪಬೇಕು. ಆಟವನ್ನು ಮಗು ನಡೆಸಬೇಕು, ದೊಡ್ಡವರು ಹಿಂದೆ ಹೋಗಬೇಕು. ಅವಸರಪಡಿಸಕೂಡದು. ಮಗು ತೋರಿದ ಭಾವವನ್ನು ಕನ್ನಡಿಯಂತೆ ಮಾತಿನಲ್ಲಿ ಹಿಂದಿರುಗಿಸಬೇಕು. ಕಟ್ಟುಪಾಡು ಇರಬೇಕು, ಆದರೆ ಅಗತ್ಯವಾದಷ್ಟೇ ಇರಬೇಕು. ಅಕ್ಕ ಹಾಕಿದ್ದ ಕಟ್ಟುಪಾಡು ಎರಡೇ: ನಿನಗೂ ನನಗೂ ನೋವಾಗುವಂತೆ ಮಾಡಬಾರದು, ಹೊತ್ತು ಮುಗಿದರೆ ಆಟ ಮುಗಿಯಿತು.

ಇದು ಎಷ್ಟು ಕಷ್ಟವೆಂಬುದು ಎದುರಿಗೆ ಕುಳಿತಾಗ ತಿಳಿಯುತ್ತದೆ. ಮಗು ಮಣ್ಣಿನಿಂದ ಎತ್ತು ಮಾಡಿದರೆ "ಭಲೆ, ಚೆನ್ನಾಗೈತೆ!" ಎಂದುಬಿಡುವುದು ನಮ್ಮ ಬಾಯಿಯ ಅಭ್ಯಾಸ. ಮಾರನೆಯ ಕ್ಷಣದಿಂದ ಆ ಮಗು ನಮ್ಮ ಭಲೆಗಾಗಿ ಎತ್ತು ಮಾಡತೊಡಗುತ್ತದೆ. ತನ್ನ ಮನಸ್ಸಿನಲ್ಲಿದ್ದುದನ್ನು ಮಾಡುವುದಿಲ್ಲ. ಅಕ್ಕ ಹಾಗೆನ್ನದೆ, "ಎತ್ತಿಗೆ ಕೊಂಬು ಇಡ್ತಿದ್ದೀಯ. ಒಂದು ಕೊಂಬು ನಿಲ್ತಾ ಇಲ್ಲ, ನಿಂಗೆ ಸಿಟ್ಟು ಬರ್ತಾ ಐತೆ" ಎಂದಷ್ಟೇ ಹೇಳುತ್ತಿದ್ದರು. ಹುಡುಗ ತಲೆಯೆತ್ತಿ ನೋಡುತ್ತಿದ್ದ. ಇವರಿಗೆ ಹೇಗೆ ತಿಳಿಯಿತು ಎಂಬಂತಿರುತ್ತಿತ್ತು ಆ ನೋಟ.

ಪಾಶ್ಚಾತ್ಯರ ಪುಸ್ತಕಗಳಲ್ಲಿ ಆಟದ ಕೋಣೆಯೆಂದರೆ ಗೊಂಬೆಮನೆ, ಬಣ್ಣದ ಡಬ್ಬ, ಹಾಲು ಕುಡಿಯುವ ಬಾಟಲಿ, ತವರದ ಸಿಪಾಯಿಗಳು. ಹಟ್ಟಿಯಲ್ಲಿ ನಮ್ಮ ಕೋಣೆಯೆಂದರೆ ಅಂಗನವಾಡಿಯ ಹಿಂದಿನ ಬೇವಿನ ಮರದ ನೆರಳು. ಸಾಮಾನುಗಳೆಂದರೆ ಕೆರೆಯ ಮಣ್ಣು, ಒಂದು ಮಂಕರಿ ಮರಳು, ಜೋಳದ ದಂಟಿನ ಬೆಂಡು, ಹುಣಸೆಬೀಜ, ಹಳೆಯ ಸೀರೆಯ ಅಂಚಿನಿಂದ ಹೊಲಿದ ನಾಲ್ಕು ಬಟ್ಟೆಗೊಂಬೆ, ಕಂಬಳಿಯ ಉಣ್ಣೆಯ ಚೂರುಗಳು, ಒಂದು ಕೆಟ್ಟುಹೋದ ಮೊಬೈಲು. ಈ ಕೊನೆಯದು ಯಾವ ಹಳೆಯ ಪುಸ್ತಕದಲ್ಲಿಯೂ ಇಲ್ಲ. ಆದರೆ ತಾಯಿತಂದೆಯರು ದೂರವಿರುವ ಮಕ್ಕಳು ಮೊದಲು ಕೈಹಾಕುತ್ತಿದ್ದುದು ಅದಕ್ಕೆ. ಮತ್ತೊಂದು ಅನುಕೂಲವನ್ನೂ ಇಲ್ಲಿ ಹೇಳಬೇಕು. ಆಂಧ್ರದ ಗಡಿಗೆ ಹೊಂದಿದ ಈ ಎರಡು ತಾಲ್ಲೂಕುಗಳಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಲಂಬಾಣಿ ಮಾತಿನ ಮನೆಗಳೂ ಉಂಟು. ಅಂಗನವಾಡಿಗೆ ಬಂದಾಗ ಕನ್ನಡ ಕೇಳಿ ಮೂಕರಾಗಿ ಕೂಡುವ ಈ ಮಕ್ಕಳು ಮಣ್ಣು ಕೈಗೆ ಬಂದರೆ ಮೂಕರಾಗಿರುವುದಿಲ್ಲ.

ಇಲ್ಲಿಯ ನೆಲದ ಸ್ಥಿತಿಯನ್ನು ನಮ್ಮ ಕಾಲೇಜಿನವರಿಗೆ ಹೇಳಬೇಕಾದ್ದಿಲ್ಲ. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇವು ಸೇರಿವೆ. ಶೇಂಗಾ ಕೈಕೊಟ್ಟರೆ ಎಣ್ಣೆಯ ಗಿರಣಿಗಳ ಚಳ್ಳಕೆರೆಯೇ ಸಪ್ಪಗಾಗುತ್ತದೆ. ಕೂಲಿಯವರು ಗುಳೆ ಹೊರಡುತ್ತಾರೆ. ಬೆಂಗಳೂರಿನ ಕಟ್ಟಡಗಳಿಗೆ ಹೋಗುವವರು ಹಾಲು ಬಿಡದ ಕೂಸನ್ನು ಕಂಕುಳಲ್ಲಿ ಒಯ್ಯುತ್ತಾರೆ. ನಾಲ್ಕೈದು ವರ್ಷದ್ದನ್ನು ಅಜ್ಜಿಯ ಬಳಿ ಬಿಡುತ್ತಾರೆ. ಸರಕಾರದ ಕಾಗದಗಳಲ್ಲಿ 'ಪೋಷಕರು' ಎಂದಿರುವ ಜಾಗದಲ್ಲಿ ಹೆಬ್ಬೆಟ್ಟು ಒತ್ತುವುದು ಈ ಅಜ್ಜಿಯೇ. ಇತ್ತೀಚಿನ ಬರೆಹಗಳಲ್ಲಿ 'ಆರೈಕೆದಾರರು' ಎಂಬ ಮಾತೂ ಬಳಕೆಗೆ ಬಂದಿದೆ. ಹಟ್ಟಿಯಲ್ಲಿ ಆ ಮಾತು ಯಾರಿಗೂ ತಿಳಿಯದು; "ಹುಡುಗನ್ನ ನೋಡ್ಕಳ್ಳೋರು ಯಾರು?" ಎಂದು ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ. ನಾನು 'ಸಾಕುವವರು' ಎಂದು ಬರೆಯುತ್ತಿದ್ದೇನೆ.

ಈಗ ಆ ಹುಡುಗನ ವಿಷಯ. ಅವನಿಗೆ ಐದು ವರ್ಷ. ಅಂಗನವಾಡಿಯಲ್ಲಿ ಮಾತಿಲ್ಲ, ಪಕ್ಕದವರನ್ನು ಕಚ್ಚುತ್ತಾನೆ, ರಾತ್ರಿ ಹಾಸಿಗೆ ಒದ್ದೆ. ಮಲಗಿಸಲು ಹೋದರೆ ಅರ್ಧ ರಾತ್ರಿಯವರೆಗೆ ಕಣ್ಣು ಮುಚ್ಚುವುದಿಲ್ಲ. ಅಜ್ಜಿ ಎರಡು ಕಡೆ ತಾಯಿತ ಕಟ್ಟಿಸಿದ್ದಾಳೆ, ಬೂದಿ ಹಾಕಿಸಿದ್ದಾಳೆ. ಮೊದಲ ಮೂರು ವಾರ ಅವನು ಮಾಡಿದ್ದು ಒಂದೇ ಆಟ. ಮಣ್ಣಿನಿಂದ ಉದ್ದನೆಯದೊಂದು ಮುದ್ದೆ. ಅದರೊಳಗೆ ಎರಡು ಹುಣಸೆಬೀಜ. ಅದನ್ನು ನೆಲದ ಮೇಲೆ ದೂಡಿಕೊಂಡು ಹೋಗಿ ಮರಳಿನಲ್ಲಿ ಹೂಳುವುದು. ಹೂಳಿದ ಮೇಲೆ ಬೆನ್ನು ತಿರುಗಿಸಿ ಕೂಡುವುದು. ಅಕ್ಕ ಮೊದಲ ದಿನ "ಹೋಯ್ತು" ಎಂದರು. ಎರಡನೆಯ ವಾರ "ಹೋಯ್ತು. ಯಾರೂ ಹೇಳಲಿಲ್ಲ" ಎಂದರು. ಹುಡುಗ ಆ ಮಾತು ಕೇಳಿ ಮರಳನ್ನು ಎರಡೂ ಕೈಯಿಂದ ಬಾಚಿ ಎರಚಿದ. ನಾಲ್ಕನೆಯ ವಾರ ಮುದ್ದೆಯನ್ನು ಹೂಳುವ ಮೊದಲು ಕೆಟ್ಟ ಮೊಬೈಲನ್ನು ಕಿವಿಗಿಟ್ಟುಕೊಂಡು, ತೆಲುಗಿನಲ್ಲಿ, "ನಿದ್ದೆ ಬಂದಿಲ್ಲ, ನಾನು ಎದ್ದೇ ಇದ್ದೀನಿ" ಎಂದ.

ಇದರ ಅರ್ಥವನ್ನು ಹೇಳಿದವಳು ಅಜ್ಜಿ. ಅವನ ತಾಯಿತಂದೆಯರು ಬೆಂಗಳೂರಿನ ಬಸ್ಸು ಹತ್ತಿದ್ದು ಅವನು ಮಲಗಿದ್ದಾಗ. ಎಚ್ಚರವಿದ್ದರೆ ಅತ್ತು ಬೆನ್ನು ಹತ್ತುವನೆಂದು, ಮಲಗಿಸಿ, ನಸುಕಿನಲ್ಲಿ ಹೋದರು. ನಮ್ಮ ಕಡೆ ಇದು ಎಲ್ಲರೂ ಮಾಡುವುದೇ. ಯಾರೂ ಇದನ್ನು ಮೋಸವೆಂದು ತಿಳಿಯುವುದಿಲ್ಲ, ಮಗುವಿನ ಮೇಲಣ ಕರುಣೆಯಿಂದಲೇ ಮಾಡುತ್ತಾರೆ. ಆದರೆ ಮಗು ಕಲಿತ ಪಾಠವೇನು? ನಿದ್ದೆ ಮಾಡಿದರೆ ಅವ್ವ ಇಲ್ಲವಾಗುತ್ತಾಳೆ. ಅದರ ಮೇಲೆ, ಅಳು ನಿಲ್ಲಿಸಲು, "ಅತ್ರೆ ನಿಮ್ಮವ್ವ ಬರಾದಿಲ್ಲ ನೋಡು" ಎಂದು ಅಜ್ಜಿ ಹೇಳುತ್ತಿದ್ದಳು. ತಾಯಿ ಭಾನುವಾರ ಫೋನು ಮಾಡಿದರೆ, ದನಿ ಕೇಳಿದರೆ ಇನ್ನಷ್ಟು ಅಳುತ್ತಾನೆಂದು ಫೋನನ್ನು ಅವನ ಕೈಗೆ ಕೊಡುತ್ತಿರಲಿಲ್ಲ. ಹುಡುಗ ಅಳುವನ್ನು ನುಂಗಿದ. ನುಂಗಿದ್ದು ಕಚ್ಚಾಟವಾಗಿ ಹೊರಬಂತು ಎಂದು ಅಕ್ಕನ ಊಹೆ. ಇದು ಊಹೆಯೇ ಸರಿ. ಆದರೆ ಊಹೆಗೆ ತಕ್ಕಂತೆ ನಡೆದು ನೋಡಬಹುದಲ್ಲ!

ಇಲ್ಲಿಯವರೆಗಿನದು ಕ್ರೀಡಾಚಿಕಿತ್ಸೆ. ಇಲ್ಲಿಂದ ಮುಂದಿನದೇ ನನಗೆ ಹೆಚ್ಚು ಮುಖ್ಯವಾಗಿ ತೋರಿದ್ದು. ವಾರಕ್ಕೆ ನಲವತ್ತು ನಿಮಿಷ ಬೇವಿನ ಮರದ ಕೆಳಗೆ ಮಗು ತನ್ನ ದುಃಖವನ್ನು ಆಡಿ ತೋರಿಸಿತು. ಉಳಿದ ವಾರವೆಲ್ಲ ಅದು ಇರುವುದು ಅಜ್ಜಿಯ ಜೊತೆ. ಅಲ್ಲಿ "ಅತ್ರೆ ಬರಾದಿಲ್ಲ" ಎಂಬ ಮಾತು ನಿಲ್ಲದಿದ್ದರೆ ಇಲ್ಲಿಯ ನಲವತ್ತು ನಿಮಿಷ ತೂತು ಕೊಡಕ್ಕೆ ನೀರು ಹೊಯ್ದಂತೆ. ಅಮೆರಿಕದ ಬರ್ನಾರ್ಡ್ ಗರ್ನಿ ಮತ್ತು ಲೂಯಿಸ್ ಗರ್ನಿ ದಂಪತಿಗಳು ಇದನ್ನು ಕಂಡುಕೊಂಡು, ತಾಯಿತಂದೆಯರಿಗೇ ಆಟದ ವಿಧಾನವನ್ನು ಕಲಿಸಿ, ಮನೆಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಅವರೇ ಮಗುವಿನೊಡನೆ ಹೀಗೆ ಕೂಡುವಂತೆ ಮಾಡಿದರು. 1964ರಲ್ಲಿ ಬರ್ನಾರ್ಡ್ ಗರ್ನಿ ಇದನ್ನು ಕುರಿತು ಬರೆದರು. ಪುಟ್ಟ ಹ್ಯಾನ್ಸ್‌ನ ತಂದೆ ಐವತ್ತೈದು ವರ್ಷಗಳ ಮೇಲೆ ತಿರುಗಿ ಬಂದನೆನ್ನಬಹುದು.

ಆದರೆ ಅರ್ಧ ಗಂಟೆ ಬಿಡುವಿರುವ ತಾಯಂದಿರಿಗೆ ಸರಿಹೋಗುವ ಈ ವಿಧಾನ ನಮ್ಮ ಅಜ್ಜಿಗೆ ಸರಿಹೋದೀತೆ? ಅಕ್ಕ ಮೊದಲ ಸಲ ಹೇಳಿದಾಗ ಆಕೆ ನಕ್ಕುಬಿಟ್ಟಳು. "ಆಡ್ಸಾಕೆ ನಂಗೆಲ್ಲಿ ಪುರುಸೊತ್ತೈತೆ ತಾಯಿ? ಎರಡು ಮೇಕೆ, ಬಿಂದಿಗೆ ನೀರು, ಈ ಮೊಣಕಾಲು. ನಾನೇ ಯಾರಾನ ಆಡ್ಸಿದ್ರೆ ಆಡೇನು" ಎಂದಳು. ಅಕ್ಕ ಆ ದಿನ ಹುಡುಗನ ಮಾತನ್ನೇ ಎತ್ತಲಿಲ್ಲ. ಮೊಣಕಾಲಿನ ಮಾತು ಕೇಳಿದರು. ಗಂಡ ಸತ್ತ ವರ್ಷದ ಮಾತು ಕೇಳಿದರು. ಮಗ ಹಣ ಕಳಿಸಿದ ತಿಂಗಳು, ಕಳಿಸದ ತಿಂಗಳುಗಳ ಲೆಕ್ಕ ಕೇಳಿದರು. ಎದ್ದು ಬರುವಾಗ ನಾನು, ಒಂದು ಗಂಟೆ ಹೋಯಿತು, ಕೆಲಸವೇನೂ ಆಗಲಿಲ್ಲವಲ್ಲ ಎಂದೆ. "ಆಕೆಯ ಮಾತನ್ನು ಯಾರೂ ಹೀಗೆ ಕೇಳದೆ ಇರುವಾಗ, ಆಕೆ ಹುಡುಗನ ಮಾತು ಕೇಳಲಿ ಎಂದು ನಾವು ಹೇಳುವುದು ಹೇಗೆ?" ಎಂದರು ಅಕ್ಕ. ತಪ್ಪು ಹೊರಿಸದಿರುವುದು ಸಾಕುವವರೊಡನೆ ಮಾಡುವ ಕೆಲಸದ ಮೊದಲ ಮೆಟ್ಟಿಲು. ಆಕೆ ತಾಯಿತ ಕಟ್ಟಿಸಿದ್ದಕ್ಕೂ ಅಕ್ಕ ಆಕ್ಷೇಪವೆತ್ತಲಿಲ್ಲ. ಅದು ಆಕೆಗೆ ತಿಳಿದಿದ್ದ ಆರೈಕೆ.

ಆಮೇಲೆ ಉಪಾಯ ಆಕೆಯ ಕೆಲಸದೊಳಗೇ ದೊರೆಯಿತು. ಬಿತ್ತನೆಗೆ ಮುಂಚೆ ಶೇಂಗಾ ಬೀಜ ಬಿಡಿಸುವ ಕೂಲಿ ಹೆಂಗಸರಿಗೆ ಮನೆಯಲ್ಲಿಯೇ ದೊರೆಯುತ್ತದೆ. ಮಧ್ಯಾಹ್ನ ಅಜ್ಜಿ ಕಾಯಿ ಒಡೆಯುತ್ತ ಕುಳಿತಾಗ ಹುಡುಗ ಪಕ್ಕದಲ್ಲಿ ಸಿಪ್ಪೆಗಳಿಂದ ಏನು ಬೇಕಾದರೂ ಮಾಡಲಿ. ಅಜ್ಜಿಯ ಕೈ ನಿಲ್ಲಬೇಕಾದ್ದಿಲ್ಲ. ಅವನು ಏನು ಮಾಡುತ್ತಿದ್ದಾನೆಂದು ಆಗಾಗ ಬಾಯಲ್ಲಿ ಹೇಳಿದರೆ ಸಾಕು. ಇದಿಷ್ಟೇ ಪಾಠ. "ದೋಣಿ ಮಾಡ್ದೆ. ದೋಣಿ ಮುಳುಗ್ತು" ಎನ್ನಲು ಆಕೆಗೆ ಎರಡು ದಿನ ನಾಚಿಕೆ, ಮೂರನೆಯ ದಿನದಿಂದ ನಾಚಿಕೆ ಹೋಗಿ, ತನ್ನ ಚಿಕ್ಕಂದಿನ ಆಟಗಳನ್ನೆಲ್ಲ ಹೇಳತೊಡಗಿದಳು. ಭಾನುವಾರದ ಫೋನು ಹುಡುಗನ ಕೈಗೆ ಬಂತು. ಮೊದಲ ಸಲ ಬಹಳ ಅತ್ತ. ಗೋಡೆಯ ಮೇಲೆ ದಿನಕ್ಕೊಂದು ಇದ್ದಿಲ ಗೀಟು ಎಳೆದು, ಊರ ಹಬ್ಬಕ್ಕೆ ಇಷ್ಟು ಗೀಟು ಎಂದು ತೋರಿಸುವುದು ಅಜ್ಜಿಯದೇ ಯೋಚನೆ. ಅದು ಯಾವ ಪುಸ್ತಕದಿಂದಲೂ ಬಂದದ್ದಲ್ಲ.

ಹಬ್ಬಕ್ಕೆ ತಾಯಿ ಎರಡು ದಿನ ಬಂದಳು. ಹುಡುಗ ಅರ್ಧ ದಿನ ಅವಳ ಹತ್ತಿರ ಹೋಗಲಿಲ್ಲ. ಬಾಗಿಲ ಸಂದಿಯಿಂದ ನೋಡುತ್ತಿದ್ದ. ಮಗುವಿಗೆ ತಾನು ಬೇಡವಾದೆನೆಂದು ತಾಯಿ ಅತ್ತಳು. ಬಹುದಿನ ಅಗಲಿದ್ದ ಮಕ್ಕಳು ಹೀಗೆ ಮಾಡುವುದು ಸಹಜವೆಂದು ಮುಂಚೆಯೇ ಅಕ್ಕ ಅಜ್ಜಿಗೆ ಹೇಳಿದ್ದುದರಿಂದ, ಅಜ್ಜಿಯೇ ಸೊಸೆಯನ್ನು ಸಮಾಧಾನಪಡಿಸಿದಳು. ಹೋಗುವ ದಿನ, ಅವನು ಎಚ್ಚರವಿದ್ದಾಗಲೇ, ಹೇಳಿ ಹೊರಟರು. ಬಸ್ಸಿನವರೆಗೂ ಅತ್ತುಕೊಂಡು ಓಡಿದನಂತೆ. ಊರವರು, "ಇದೇನು ಹೊಸ ಪದ್ಧತಿ, ಮಗುನ ಅಳ್ಸಿ ಹೋಗಾದು" ಎಂದರಂತೆ. ನಾನಿದ್ದ ಎಂಟನೆಯ ವಾರದ ಹೊತ್ತಿಗೆ ಅವನು ರಾತ್ರಿ ಮಲಗುತ್ತಿದ್ದ; ಹಾಸಿಗೆ ಒದ್ದೆಯಾಗುವುದು ಕಡಮೆಯಾಗಿತ್ತು; ಕಚ್ಚುವುದು ಮಾತ್ರ ನಿಂತಿರಲಿಲ್ಲ. ಇದನ್ನು ಗೆಲವು ಎಂದು ಬರೆಯಲು ನನಗೆ ಧೈರ್ಯವಿಲ್ಲ. ತಾಯಿತಂದೆಯರು ಇಲ್ಲಿಯೇ ದುಡಿಯುವಂತಾಗಿದ್ದರೆ ಈ ಚಿಕಿತ್ಸೆಯೇ ಬೇಕಾಗುತ್ತಿರಲಿಲ್ಲ ಎಂಬುದೂ ನಿಜ.

ಮೊಳಕಾಲ್ಮೂರಿನ ಮಾತು ಬೇರೆ. ಅಲ್ಲಿ ನಾವು ನೋಡಿದ ಮಕ್ಕಳ ತಾಯಂದಿರು ಮನೆಯಲ್ಲಿಯೇ ಇದ್ದರು, ಹಗಲು ರಾತ್ರಿ ಇದ್ದರು. ಅದೇ ಅವರ ಕಷ್ಟ. ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಹೇಳುವ ಮಿದುಳಿನ ತೊಂದರೆಯಿಂದ ಕೈಕಾಲು ಸೆಡೆತುಕೊಂಡಿರುವ ಏಳು ವರ್ಷದ ಒಬ್ಬ ಹುಡುಗಿ. ಮನೆ ತುಂಬ ಮಗ್ಗದ ಸದ್ದು. ತಂದೆ ರೇಷ್ಮೆಸೀರೆ ನೇಯುತ್ತಾನೆ, ತಾಯಿ ರಾಟೆಯಲ್ಲಿ ಕಂಡಿಕೆ ಸುತ್ತುತ್ತಾಳೆ. ಹುಡುಗಿಗೆ ಕೈ ಬಿಚ್ಚುವ ವ್ಯಾಯಾಮ ಮಾಡಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮಾಡಿಸಹೋದರೆ ಅವಳು ಚೀರುತ್ತಾಳೆ, ತಾಯಿ ಬಿಟ್ಟುಬಿಡುತ್ತಾಳೆ. ಅದೇ ಕೆಲಸ ಆಟವಾದಾಗ ಕಥೆ ಬದಲಾಯಿತು. ಖಾಲಿ ಕಂಡಿಕೆಗಳನ್ನು ಹಿಡಿದು ತಗಡಿನ ಡಬ್ಬಿಗೆ ಬೀಳಿಸಿದರೆ 'ಠಣ್' ಎಂಬ ಸದ್ದು. ಆ ಸದ್ದಿಗಾಗಿ ಹುಡುಗಿ ಬೆರಳನ್ನು ಬಿಚ್ಚತೊಡಗಿದಳು. ಮೊದಲ ದಿನ ಎರಡು, ತಿಂಗಳ ಮೇಲೆ ಹನ್ನೊಂದು. ಅವಳ ನಗು ನಾನು ಕೇಳಿದ್ದು ಆಗಲೇ. ತಂದೆ ಮಗ್ಗ ನಿಲ್ಲಿಸಿ ತಿರುಗಿ ನೋಡಿದ.

ಆಟದ ಸಾಮಾನನ್ನು ಮನೆಯ ಕಸದಿಂದಲೇ ಮಾಡಿಕೊಂಡು, ತಾಯಂದಿರಿಗೆ ಆಡಿಸುವುದನ್ನು ಕಲಿಸಿದರೆ ಏನಾಗುತ್ತದೆಂಬುದನ್ನು ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮೊದಲಾದವರು ಪರೀಕ್ಷಿಸಿದ್ದಾರೆ. ಪೌಷ್ಟಿಕಾಹಾರವಿಲ್ಲದೆ ಬೆಳವಣಿಗೆ ಕುಂಠಿತವಾದ 129 ಮಕ್ಕಳನ್ನು ಗುಂಪುಮಾಡಿ, ಕೆಲವು ಮನೆಗಳಿಗೆ ಎರಡು ವರ್ಷ, ವಾರಕ್ಕೊಂದು ಗಂಟೆ, ಊರಿನ ಆರೋಗ್ಯ ಕಾರ್ಯಕರ್ತೆಯರು ಹೋಗಿ ತಾಯಿಯೊಡನೆ ಕುಳಿತು ಆಡಿಸುವುದನ್ನು ತೋರಿಸಿದರು. ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಬುದ್ಧಿ ಬೆಳವಣಿಗೆ ಉಳಿದವರಿಗಿಂತ ಮುಂದಿತ್ತು. ಅದೇ ಮಕ್ಕಳು ದೊಡ್ಡವರಾದ ಮೇಲೆ ಅವರ ಸಂಪಾದನೆ ಸುಮಾರು ನೂರಕ್ಕೆ 25ರಷ್ಟು ಹೆಚ್ಚಾಗಿತ್ತೆಂದು 2014ರ ಒಂದು ಲೇಖನ ತಿಳಿಸುತ್ತದೆ.

ನಮ್ಮ ಹುಡುಗಿಯ ಮನೆಯಲ್ಲಿ ಲೆಕ್ಕ ಹಾಕಬೇಕಾದ್ದು ಸಂಪಾದನೆಯನ್ನಲ್ಲ, ತಾಯಿಯ ಬೆನ್ನನ್ನು. ಏಳು ವರ್ಷದ ಮಗುವನ್ನು ದಿನಕ್ಕೆ ಎಷ್ಟು ಸಲ ಎತ್ತಿ ಇಳಿಸಬೇಕು! ಆಕೆ ನಾಲ್ಕು ವರ್ಷದಿಂದ ಒಂದು ಮದುವೆಗೂ ಹೋಗಿಲ್ಲ. ನಾಯಕನಹಟ್ಟಿಯ ಜಾತ್ರೆಗೂ ಹೋಗಿಲ್ಲ. ಮಗುವಿನ ಸ್ಥಿತಿಗೆ ಆಕೆಯ ಕರ್ಮವೇ ಕಾರಣವೆಂದು ಹೇಳುವವರು ಮನೆಯಲ್ಲಿಯೇ ಇದ್ದಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಇಂಥವರನ್ನು ಹೆಸರಿಟ್ಟು ಗುರುತಿಸಿದೆ. ಕೂಲಿ ಪಡೆದಾಗಲಿ ಪಡೆಯದೆಯಾಗಲಿ ಆರೈಕೆ ಮಾಡುವ ತಾಯಿತಂದೆ, ಮನೆಯವರು ಎಲ್ಲರೂ ಅದರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯವನ್ನೂ ಅದು ಹೇಳುತ್ತದೆ. ನಾವು ಕಂಡ ತಾಯಂದಿರಲ್ಲಿ ಒಬ್ಬರಿಗೂ ಈ ಕಾಯಿದೆಯಲ್ಲಿ ತಮ್ಮ ಮಾತು ಬಂದಿದೆಯೆಂದು ತಿಳಿದಿರಲಿಲ್ಲ.

ಇದೆಲ್ಲ ಪಟ್ಟಣದ ತಜ್ಞರು ಮಾಡಬೇಕಾದ ಕೆಲಸ, ಹಳ್ಳಿಯಲ್ಲಿ ಸಾಧ್ಯವೆ ಎಂದು ಕೇಳುವವರಿಗೆ ನೆರೆಯ ಬಳ್ಳಾರಿ ಜಿಲ್ಲೆಯೇ ಉತ್ತರ. ಮೊಳಕಾಲ್ಮೂರಿನ ಗಡಿಯಾಚೆ ಅದು ಮೊದಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಲ್ಲಿ ಅಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಆರೋಗ್ಯದ ಸೇವೆಯನ್ನು ಜಿಲ್ಲೆಯ ಮೂಲೆಗಳಿಗೆ ಮುಟ್ಟಿಸಲು ತೊಡಗಿದರು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಅದನ್ನೇ ಆಧಾರಮಾಡಿಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಅದು ಹೆಚ್ಚಾಗಿ ದೊಡ್ಡವರ ಕಾಯಿಲೆಗಳನ್ನು ಕುರಿತದ್ದು. ಮಕ್ಕಳ ಆಟದವರೆಗೆ ಬಂದದ್ದಲ್ಲ. ಆದರೂ, ತಜ್ಞನಲ್ಲದವನಿಗೆ ಕಲಿಸಿದರೆ ಅವನು ಮಾಡಬಲ್ಲ ಎಂಬ ಮಾತನ್ನು ಅದು ನಮ್ಮ ಮಗ್ಗುಲಲ್ಲಿಯೇ ಸಿದ್ಧಪಡಿಸಿತು. ಮಕ್ಕಳ ವಿಷಯದಲ್ಲಿ ಹಾಗೆ ಕಲಿಯಬಲ್ಲವರು ಊರೂರಲ್ಲಿ ಇದ್ದಾರೆ: 1975ರ ಅಕ್ಟೋಬರ್ 2ರಂದು ಆರಂಭವಾದ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗುವ ಶಿಕ್ಷಕರು. ಇವರಿಗೆ ಈಗಾಗಲೇ ಬರೆಯಬೇಕಾದ ದಾಖಲೆ ಪುಸ್ತಕಗಳ ಹೊರೆ ಎಷ್ಟೆಂಬುದನ್ನು ಕಣ್ಣಾರೆ ಕಂಡ ಮೇಲೆ, ಇದನ್ನೂ ಅವರೇ ಮಾಡಲಿ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಕಠಿಣವಾದ ತೊಂದರೆ ಕಂಡಲ್ಲಿ ತಾಲ್ಲೂಕು ಆಸ್ಪತ್ರೆಗೆ ಕಳಿಸಲೇಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕನ್ನಡದಲ್ಲಿಯೇ ಫೋನು ಮಾಡಿ ಕೇಳಲೂಬಹುದು.

ಏಳನೆಯ ವಾರ ಅಕ್ಕ ಅಂಥ ಮಕ್ಕಳ ಐವರು ತಾಯಂದಿರನ್ನು ಒಂದೆಡೆ ಕೂಡಿಸಿದರು. ಒಂದೇ ಊರಿನವರು, ನಾಲ್ಕು ಬೀದಿಗಳ ಅಂತರ; ಆದರೂ ಒಬ್ಬರ ಮನೆಯ ಮಗುವನ್ನು ಇನ್ನೊಬ್ಬರು ನೋಡಿರಲಿಲ್ಲ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬಾಕೆ, ಮಗುವಿಗೆ ಊಟ ಗಂಟಲಿಗೆ ಸಿಕ್ಕಿಕೊಳ್ಳದಂತೆ ಉಣ್ಣಿಸುವುದು ಹೇಗೆಂದು ಇನ್ನೊಬ್ಬಾಕೆಯನ್ನು ಕೇಳಿದಳು. ಅಲ್ಲಿಂದ ಮಾತು ನಿಲ್ಲಲೇ ಇಲ್ಲ. ನಿಮಗೆ ಏನು ಬೇಕು ಎಂದು ಅಕ್ಕ ಕೇಳಿದಾಗ, ಹಣ ಎಂದಾರೆಂದು ನಾನು ಪುಸ್ತಕ ತೆರೆದು ಕುಳಿತಿದ್ದೆ. "ವಾರಕ್ಕೊಂದು ದಿನ ಎರಡು ತಾಸು ಈ ಮಕ್ಕಳನ್ನ ನಮ್ಮಲ್ಲೇ ಇಬ್ರು ಒಂದ್ಕಡೆ ಆಡುಸ್ಲಿ, ಉಳಿದೋರು ಮಲಗ್ಲಿ" ಎಂದರು. ಅಂಗನವಾಡಿಯ ಕೋಣೆ ಸಂಜೆ ನಾಲ್ಕರ ಮೇಲೆ ಬೀಗ ಹಾಕಿಯೇ ಇರುತ್ತದೆ. ಶನಿವಾರ ಸಂಜೆ ಆ ಬೀಗದ ಕೈ ತಮಗೆ ಕೊಡಬೇಕೆಂದು ಅವರು ಐವರೂ ಸೇರಿ ಅರ್ಜಿ ಬರೆಸಿದ್ದಾರೆ. ಇಬ್ಬರು ರುಜು ಹಾಕಿದರು, ಮೂವರು ಹೆಬ್ಬೆಟ್ಟು ಒತ್ತಿದರು. ಅರ್ಜಿ ಬರೆದವಳು ನಾನು. ಉತ್ತರ ಇನ್ನೂ ಬಂದಿಲ್ಲ.